ಕಪ್ಪುಕುಳಿಯ ಚಿಲ್ಲರೆ ಎಣಿಸಿದವರು

(ಮಾಟುಂಗದಲ್ಲಿ ಮುಂಬಯಿ ಕನ್ನಡಿಗರ ಎದುರು ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲಿದ್ದ ಸಮೀಕರಣಗಳನ್ನು ಮಾತಿಗೆ ಇಳಿಸಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಒಂದೇ ಷರತ್ತು ಹಾಕಿದ್ದರು: "ಕಪ್ಪುಕುಳಿ ಬಗ್ಗೆ ಏನು ಬೇಕಾದರೂ ಹೇಳಿ ಸರ್, ಆದರೆ ಕಾಫಿಗೆ ಮೊದಲೇ ಜನ ಎದ್ದು ಹೋಗಬಾರದು." ಇಲ್ಲಿ ಕೂತವರನ್ನು ನೋಡಿದ ಮೇಲೆ ನನಗೆ ಆ ಭಯ ಅಷ್ಟಿಲ್ಲ. ಅರ್ಧಕ್ಕರ್ಧ ಮಂದಿ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿ ಕ್ಯಾಶ್ ಎಣಿಸಿ ನಿವೃತ್ತರಾದವರು. ಇವತ್ತಿನ ವಿಷಯವೂ ಎಣಿಕೆಯದ್ದೇ. ತಂತು ಸಿದ್ಧಾಂತದ ಬಗ್ಗೆ, ಅಂದರೆ ಪತ್ರಿಕೆಗಳಲ್ಲಿ ಸ್ಟ್ರಿಂಗ್ ಥಿಯರಿ ಎಂದು ಬರುತ್ತದಲ್ಲ, ಅದರ ಬಗ್ಗೆ ನೀವು ಎರಡು ಬಗೆಯ ಮಾತು ಕೇಳಿರುತ್ತೀರಿ. ಅದು ವಿಶ್ವದ ಕಟ್ಟಕಡೆಯ ಗುಟ್ಟು ಅನ್ನುವವರಿದ್ದಾರೆ. ಪ್ರಯೋಗದ ಕೈಗೆ ಸಿಗದ ಗಾಳಿಗೋಪುರ ಅನ್ನುವವರೂ ಇದ್ದಾರೆ. ಇಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸೋಣ. ಆ ಸಿದ್ಧಾಂತ ಒಂದು ಎಣಿಕೆಯನ್ನು ಪೈಸೆ ತಪ್ಪದಂತೆ ಮುಗಿಸಿದೆ. ಅದರಲ್ಲಿ ಒಂದು ಒಳ್ಳೆಯ ಪಾಲು ನಡೆದದ್ದು ಇದೇ ಊರಿನ ಕೊಲಾಬಾದಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದು ವಿವರ.

ಕಪ್ಪುಕುಳಿ ಎಂದರೇನು ಅನ್ನುವುದನ್ನು ಬೇಗ ಮುಗಿಸುತ್ತೇನೆ, ಟಿ.ವಿ.ಯಲ್ಲಿ ಸಾಕಷ್ಟು ನೋಡಿದ್ದೀರಿ. ಸೂರ್ಯನಲ್ಲಿರುವಷ್ಟು ದ್ರವ್ಯವನ್ನು ಸುಮಾರು 6 ಕಿಲೋಮೀಟರ್ ಅಡ್ಡಳತೆಯ ಗೋಳದೊಳಗೆ, ಹೆಚ್ಚುಕಡಿಮೆ ಇಲ್ಲಿಂದ ಕುರ್ಲಾಕ್ಕೆ ಇರುವ ದೂರ ಅನ್ನಿ, ಅದುಮಿಬಿಟ್ಟರೆ ಅಲ್ಲಿಂದ ಬೆಳಕೂ ಹೊರಗೆ ಬರಲಾರದು. ಒಳಗೆ ಹೋದದ್ದು ಮರಳಿ ಬಾರದ ಆ ಗಡಿಗೆ ದಿಗಂತ ಎನ್ನುತ್ತಾರೆ. ನಮ್ಮ ಕ್ಷೀರಪಥದ ನಡುವೆ 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಇದೆ, ಅದರ ಚಿತ್ರ 2022ರ ಮೇ ತಿಂಗಳಲ್ಲಿ ಬಂತು. ಅದಕ್ಕೂ ಮೊದಲು, 2019ರ ಏಪ್ರಿಲ್‌ನಲ್ಲಿ, ಎಂ87 ಎಂಬ ದೂರದ ಗೆಲಾಕ್ಸಿಯ ನಡುವಿನ, 650 ಕೋಟಿ ಸೂರ್ಯರ ತೂಕದ ಕುಳಿಯ ಚಿತ್ರ ಬಂದಿತ್ತು. ಕಿತ್ತಳೆ ಬಣ್ಣದ ಬಳೆ, ನಡುವೆ ಕತ್ತಲೆ. ವಾಟ್ಸ್ಯಾಪಿನಲ್ಲಿ ಎಲ್ಲರಿಗೂ ಬಂದಿತ್ತು.

ನಮಗೆ ಬೇಕಾದ ಸಂಗತಿ ಬೇರೆ. ಐನ್‌ಸ್ಟೈನ್ ಸಮೀಕರಣಗಳ ಪ್ರಕಾರ, ಅಲುಗಾಟವೆಲ್ಲ ಅಡಗಿ ನೆಲೆನಿಂತ ಕಪ್ಪುಕುಳಿಯ ಬಗ್ಗೆ ಹೊರಗಿನವರಿಗೆ ತಿಳಿಯುವುದು ಮೂರೇ ಮೊತ್ತ: ಅದರ ರಾಶಿ, ಅದರ ವಿದ್ಯುದಂಶ, ಅದು ಗಿರಕಿ ಹೊಡೆಯುವ ವೇಗ. ಒಳಗೆ ಬಿದ್ದದ್ದು ನಕ್ಷತ್ರವೋ, ಹಳೆಯ ದಿನಪತ್ರಿಕೆಗಳ ಕಟ್ಟೋ, ಯಾವುದಕ್ಕೂ ಕುರುಹಿಲ್ಲ. 1970ರ ಹೊತ್ತಿಗೆ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ಜೇಕಬ್ ಬೆಕೆನ್‌ಸ್ಟೈನ್‌ಗೆ ಇದು ಸರಿ ಕಾಣಲಿಲ್ಲ. ಬಿಸಿ ಅನಿಲವನ್ನು ಕುಳಿಯೊಳಗೆ ಸುರಿದರೆ ಅದರ ಎಂಟ್ರೊಪಿ, ಅಂದರೆ ಒಳಗಿನ ಅಸ್ತವ್ಯಸ್ತತೆಯ ಅಳತೆ (ವಿವರ ಮುಂದೆ ಬರುತ್ತದೆ), ಎಲ್ಲಿ ಹೋಯಿತು? ಜಗತ್ತಿನ ಒಟ್ಟು ಎಂಟ್ರೊಪಿ ಕಡಿಮೆಯಾಗಬಾರದು ಅನ್ನುವುದು ಭೌತಶಾಸ್ತ್ರದಲ್ಲಿ ಯಾರೂ ಮುರಿಯಲು ಧೈರ್ಯ ಮಾಡದ ನಿಯಮ. ಹಾಗಾದರೆ ಕುಳಿಗೇ ಎಂಟ್ರೊಪಿ ಇರಬೇಕು, ಅದು ದಿಗಂತದ ವಿಸ್ತೀರ್ಣಕ್ಕೆ ತಕ್ಕಂತೆ ಇರಬೇಕು ಎಂದು ಆತ ವಾದಿಸಿದ. ಸ್ಟೀಫನ್ ಹಾಕಿಂಗ್ ಇದನ್ನು ಒಪ್ಪಲಿಲ್ಲ. ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ವಿಕಿರಣ ಹೊಮ್ಮಬೇಕು. ಏನೂ ಹೊರಬಾರದ ಕುಳಿಯಿಂದ ವಿಕಿರಣವೇ? 1974ರಲ್ಲಿ ಕ್ವಾಂಟಂ ನಿಯಮಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಸ್ವತಃ ಹಾಕಿಂಗ್‌ಗೇ ಸಿಕ್ಕ ಉತ್ತರ: ಹೌದು, ವಿಕಿರಣ ಹೊಮ್ಮುತ್ತದೆ. ಸೂರ್ಯನಷ್ಟು ತೂಕದ ಕುಳಿಯ ಉಷ್ಣತೆ ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಳೆಯುವ ಮಾತೇ ಇಲ್ಲ. ಆದರೆ ಆ ಲೆಕ್ಕದಿಂದ ಎಂಟ್ರೊಪಿಯ ಸೂತ್ರ ಖಚಿತವಾಯಿತು. ದಿಗಂತದ ವಿಸ್ತೀರ್ಣವನ್ನು ಪ್ಲಾಂಕ್ ಉದ್ದದ, ಅಂದರೆ ಕ್ವಾಂಟಂ ಗುರುತ್ವ ಎದ್ದು ಕಾಣುವ ಅತಿ ಸಣ್ಣ ಉದ್ದದ, ವರ್ಗದಿಂದ ಭಾಗಿಸಿ, ನಾಲ್ಕರಿಂದ ಭಾಗಿಸಿ. ಆ ಕಾಲು ಭಾಗವನ್ನು ನೆನಪಿಡಿ. ಮುಂದಿನ ಕತೆಯೆಲ್ಲ ಅದರದ್ದೇ.

ಎಂಟ್ರೊಪಿ ಎಂದರೆ ಏನು? ಇಲ್ಲಿ ನಿಮ್ಮ ಕ್ಯಾಶ್ ಕ್ಲೋಸಿಂಗ್ ಅನ್ನು ಸಾಲ ತೆಗೆದುಕೊಳ್ಳುತ್ತೇನೆ. ಸಂಜೆ ಶಾಖೆಯ ಒಟ್ಟು ನಗದು ಇಷ್ಟು ಎಂದು ಹೆಡ್ ಆಫೀಸಿಗೆ ಒಂದು ಸಂಖ್ಯೆ ಹೋಗುತ್ತದೆ. ಆ ಮೊತ್ತ ಐನೂರರ ನೋಟುಗಳಿಂದ ಆಗಿದೆಯೋ, ಹತ್ತರ ಕಟ್ಟುಗಳಿಂದಲೋ, ನಾಣ್ಯದ ಚೀಲಗಳಿಂದಲೋ, ಆ ಒಂದು ಸಂಖ್ಯೆ ನೋಡಿದವರಿಗೆ ತಿಳಿಯದು. ಒಂದೇ ಮೊತ್ತಕ್ಕೆ ಹೊಂದುವ ಚಿಲ್ಲರೆಯ ಬಗೆಗಳು ಎಷ್ಟು? ಆ ಎಣಿಕೆಯ ಲಾಗರಿದಮ್ಮೇ ಎಂಟ್ರೊಪಿ. ಬೋಲ್ಟ್ಸ್‌ಮನ್ ಹತ್ತೊಂಬತ್ತನೇ ಶತಮಾನದಲ್ಲೇ ಅನಿಲಗಳಿಗೆ ಇದನ್ನು ಹೇಳಿಕೊಟ್ಟಿದ್ದ. ಅಲ್ಲಿ ಚಿಲ್ಲರೆ ಎಂದರೆ ಪರಮಾಣುಗಳು.

ಈಗ ಪೇಚು ನೋಡಿ. ಸೂರ್ಯನ ತೂಕದ ಕಪ್ಪುಕುಳಿಗೆ ಹಾಕಿಂಗ್ ಸೂತ್ರ ಕೊಡುವ ಎಂಟ್ರೊಪಿ 1ರ ಮುಂದೆ 77 ಸೊನ್ನೆ ಹಾಕಿದಷ್ಟು. ಸೂರ್ಯನ ಎಂಟ್ರೊಪಿಗೆ ಸುಮಾರು 58 ಸೊನ್ನೆ ಸಾಕು. ಅಂದರೆ ಹೊರಗಿನಿಂದ ಮೂರೇ ಮೊತ್ತ ಕಾಣುವ ವಸ್ತುವಿನೊಳಗೆ ಊಹೆಗೂ ಮೀರಿದ ಚಿಲ್ಲರೆ ಇರಲೇಬೇಕು. ಆ ಚಿಲ್ಲರೆ ಯಾವುದು? ಐನ್‌ಸ್ಟೈನ್ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿಲ್ಲ. ಸುಮಾರು ಇಪ್ಪತ್ತು ವರ್ಷ ಯಾರ ಬಳಿಯೂ ಇರಲಿಲ್ಲ.

ಇಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಪ್ರವೇಶಿಸುತ್ತಾರೆ. 1912ರಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ಸೇರಿದವರು, ಶ್ರೀನಿವಾಸ ರಾಮಾನುಜನ್. ಅವರೂ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರೂ 1918ರಲ್ಲಿ ಬಿಡಿಸಿದ ಪ್ರಶ್ನೆ ಕ್ಯಾಶಿಯರ್ ಕೇಳುವಂಥದ್ದೇ. 1, 2, 3, 4 ಹೀಗೆ ಎಲ್ಲ ಬೆಲೆಯ ನೋಟುಗಳೂ ಇವೆ ಅಂದುಕೊಳ್ಳಿ. 4 ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಕೊಡಬಹುದು? ನಾಲ್ಕರ ಒಂದು ನೋಟು, ಮೂರು ಮತ್ತು ಒಂದು, ಎರಡು ಎರಡು, ಎರಡು ಒಂದು ಒಂದು, ನಾಲ್ಕು ಒಂದು. ಒಟ್ಟು 5 ಬಗೆ. 10 ರೂಪಾಯಿಗೆ 42. 100ಕ್ಕೆ 19,05,69,292. 200ಕ್ಕೆ ಬಂದರೆ 3,97,299 ಕೋಟಿಯ ಮೇಲೆ 90,29,388. ಮ್ಯಾಕ್‌ಮಹೊನ್ ಎಂಬಾತ ಇದನ್ನು ಕೈಯಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದ. ರಾಮಾನುಜನ್ ಮತ್ತು ಹಾರ್ಡಿಯವರ ಸೂತ್ರದ ಮೊದಲ ಎಂಟು ಪದಗಳನ್ನು ಕೂಡಿಸಿದರೆ ಅದೇ ಸಂಖ್ಯೆ, ದಶಮಾಂಶದ ಮೂರನೇ ಸ್ಥಾನದಲ್ಲಿ ಮಾತ್ರ ಚೂರು ಹೆಚ್ಚು. ಈ ಎಣಿಕೆಯ ಲಾಗರಿದಮ್ ಮೊತ್ತದ ವರ್ಗಮೂಲದಂತೆ ಬೆಳೆಯುತ್ತದೆ ಅನ್ನುವುದು ಆ ಸೂತ್ರದ ಸಾರ.

ತಂತುವಿಗೂ ಇದಕ್ಕೂ ಏನು ಸಂಬಂಧ? ಮೂಲಕಣಗಳೆಲ್ಲ ಅತಿ ಸಣ್ಣ ತಂತುಗಳ ಕಂಪನ ಅನ್ನುವುದು ಈ ಸಿದ್ಧಾಂತದ ಆರಂಭದ ಮಾತು. ತಂತು ಒಂದು, ಎರಡು, ಮೂರು ಪಟ್ಟು ಆವೃತ್ತಿಗಳಲ್ಲಿ ಕಂಪಿಸಬಲ್ಲದು, ಒಟ್ಟು ಶಕ್ತಿ ಮಾತ್ರ ನಿಗದಿ. ಅಂದರೆ ಒಟ್ಟು ಶಕ್ತಿಯೇ ಮೊತ್ತ, ಬಿಡಿ ಕಂಪನಗಳೇ ನೋಟುಗಳು. ಒಂದೇ ವ್ಯತ್ಯಾಸ: ಒಂದು ಮುಖ್ಯ ಬಗೆಯ ತಂತುವಿನಲ್ಲಿ ಪ್ರತಿ ನೋಟಿಗೂ 24 ಬಣ್ಣ. ಆಗ ಬಗೆಗಳ ಸಂಖ್ಯೆ 24, 324, 3,200, 25,650 ಎಂದು ಏರುತ್ತದೆ. ಮೊದಲ ಎರಡನ್ನು ಮನೆಗೆ ಹೋಗಿ ನೀವೇ ಕೂಡಿ ನೋಡಬಹುದು.

1995ರಲ್ಲಿ ಅಶೋಕ್ ಸೇನ್ ಈ ಎಣಿಕೆಯನ್ನು ಕಪ್ಪುಕುಳಿಗೆ ಹಚ್ಚಿ ನೋಡಿದರು. ಆಗ ಅವರಿದ್ದದ್ದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಟಿಐಎಫ್‌ಆರ್ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ, ನೇವಿ ನಗರದ ತುದಿಯಲ್ಲಿ ಸಮುದ್ರಕ್ಕೆ ಅಂಟಿಕೊಂಡಿರುವುದು. ವಿದ್ಯುದಂಶ ಹೊತ್ತ ಭಾರವಾದ ತಂತು ತನ್ನದೇ ಗುರುತ್ವದಿಂದ ಕಪ್ಪುಕುಳಿಯಾಗುವುದಾದರೆ ಎರಡು ಲೆಕ್ಕ, ತಂತುವಿನ ಕಂಪನಗಳ ಎಣಿಕೆಯೂ ದಿಗಂತದ ಕಾಲು ಭಾಗವೂ, ತಾಳೆಯಾಗಬೇಕು. ಆದವು, ಆದರೆ ಪೂರ್ತಿ ಅಲ್ಲ. ವರ್ಗಮೂಲ ಸರಿಯಾಗಿ ಬಂತು, ಮುಂದಿನ ಗುಣಕ ಕೈಗೆ ಸಿಗಲಿಲ್ಲ. ಆ ಕುಳಿಯ ದಿಗಂತದ ವಿಸ್ತೀರ್ಣ ಐನ್‌ಸ್ಟೈನ್ ಲೆಕ್ಕದಲ್ಲಿ ಸೊನ್ನೆ. ತಂತುವಿನ ಗಾತ್ರದಿಂದ ಬರುವ ತಿದ್ದುಪಡಿ ಸೇರಿಸಿದರೆ ಮಾತ್ರ ಅದು ಮೈತಳೆಯುತ್ತದೆ. ಗುಣಕವನ್ನೂ ಸೇರಿಸಿ ಲೆಕ್ಕ ಕೂಡಿಸಿದ್ದು 2004ರಲ್ಲಿ, ಅದೇ ಕಟ್ಟಡದಲ್ಲಿದ್ದ ಅತೀಶ್ ದಾಭೋಳ್ಕರ್.

ನಡುವೆ 1996ರ ಜನವರಿಯಲ್ಲಿ ಅಮೆರಿಕದಲ್ಲಿ ಆಂಡ್ರೂ ಸ್ಟ್ರಾಮಿಂಜರ್ ಮತ್ತು ಕುಮ್ರುನ್ ವಫಾ ಎಲ್ಲರೂ ಕಾಯುತ್ತಿದ್ದದ್ದನ್ನು ಮಾಡಿ ತೋರಿಸಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಜೋಸೆಫ್ ಪೋಲ್ಚಿನ್ಸ್ಕಿ ಡಿ-ಬ್ರೇನ್ ಎಂಬ ವಸ್ತುಗಳ ಮಹತ್ವವನ್ನು ತೋರಿಸಿದ್ದರು. ಅವು ತಂತುಗಳ ತುದಿ ಅಂಟಿಕೊಳ್ಳುವ ಹಾಳೆಗಳು. ಒಂದು ಬಗೆಯ ಹಾಳೆ ಇಷ್ಟು, ಇನ್ನೊಂದು ಬಗೆಯವು ಇಷ್ಟು, ಅವುಗಳ ಮೇಲೆ ಓಡುವ ಕಂಪನದ ಮೊತ್ತ ಇಷ್ಟು ಎಂದು ಮೂರು ಸಂಖ್ಯೆ ಇಟ್ಟುಕೊಳ್ಳಿ. ಆ ಮೊತ್ತವನ್ನು ಎಷ್ಟು ಬಗೆಯಲ್ಲಿ ಹಂಚಬಹುದು? ಮತ್ತೆ ಅದೇ ಚಿಲ್ಲರೆ. ಉತ್ತರದ ಲಾಗರಿದಮ್: ಮೂರೂ ಸಂಖ್ಯೆಗಳನ್ನು ಗುಣಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿದಷ್ಟು. ಇನ್ನೊಂದು ಕಡೆ, ಅದೇ ಮೂರು ಸಂಖ್ಯೆಯ ಕಪ್ಪುಕುಳಿಯ ದಿಗಂತ ಅಳೆದು ಕಾಲು ಭಾಗ ತೆಗೆದರೆ ಅದೇ ವರ್ಗಮೂಲ, ಅದೇ ಎರಡು ಪೈ. ಹಾಕಿಂಗ್‌ಗೆ ಚಿಲ್ಲರೆಯ ಗಂಧವೇ ಇಲ್ಲದೆ ಸಿಕ್ಕ ಕಾಲು, ಇಲ್ಲಿ ಒಂದೊಂದೇ ನೋಟು ಎಣಿಸಿ ಸಿಕ್ಕಿತು.

ಇಲ್ಲಿ ಯಾರಾದರೂ ಎದ್ದು ಆಕ್ಷೇಪ ಎತ್ತಬೇಕಿತ್ತು. ಡಿ-ಬ್ರೇನ್‌ಗಳನ್ನು ಎಣಿಸಿದ್ದು ಗುರುತ್ವವನ್ನು ಬಹಳ ದುರ್ಬಲಗೊಳಿಸಿ. ಆಗ ಅಲ್ಲಿ ಕಪ್ಪುಕುಳಿಯೇ ಇರುವುದಿಲ್ಲ. ಕುಳಿ ಆಗುವುದು ಗುರುತ್ವವನ್ನು ಹೆಚ್ಚಿಸಿದಾಗ. ಅಷ್ಟರಲ್ಲಿ ಎಣಿಕೆ ಬದಲಾಗದೆ ಉಳಿಯುತ್ತದೆ ಅನ್ನಲು ಏನು ಗ್ಯಾರಂಟಿ? ಇಡೀ ಸಾಹಸದ ಜೀವ ಇರುವುದು ಇಲ್ಲೇ, ಆದ್ದರಿಂದ ಒಂದು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತೇನೆ. ಎಣಿಸಿದ ಕುಳಿಗಳಿಗೆ ಅತಿಸಮ್ಮಿತಿ ಎಂಬ ಗುಣವಿದೆ, ಅಂದರೆ ಪ್ರತಿ ಬಗೆಯ ಕಣಕ್ಕೂ ಒಂದು ಜೋಡಿ ಕಣ ಇರಬೇಕು ಅನ್ನುವ ಸಮ್ಮಿತಿ. ಅದರಿಂದಾಗಿ ಸ್ಥಿತಿಗಳಿಗೆ ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್ ಎಂದು ಗುರುತು ಹಾಕಿ ನಿವ್ವಳ ಮೊತ್ತ ತೆಗೆಯಬಹುದು. ಗುರುತ್ವದ ಗುಂಡಿ ತಿರುಗಿಸುತ್ತ ಹೋದಾಗ ಸ್ಥಿತಿಗಳು ಹೊಸದಾಗಿ ಸೇರಿದರೂ ಪ್ಲಸ್ ಮೈನಸ್ ಜೋಡಿಯಾಗಿಯೇ ಸೇರುತ್ತವೆ, ಜಾಗ ಬಿಟ್ಟರೂ ಜೋಡಿಯಾಗಿಯೇ ಬಿಡುತ್ತವೆ. ನಿವ್ವಳ ಅಲುಗುವುದಿಲ್ಲ. ಹಾಗಾಗಿ ಸುಲಭದ ಕಡೆ ಎಣಿಸಿ ಕಷ್ಟದ ಕಡೆಗೆ ಒಯ್ಯಬಹುದು.

ಇದೇ ಗುಣ ಈ ಲೆಕ್ಕದ ಮಿತಿಯೂ ಹೌದು, ಅದನ್ನು ಮುಚ್ಚಿಡಬಾರದು. ಇಂಥ ಕುಳಿಗಳು ಹೊರಬಲ್ಲಷ್ಟೂ ವಿದ್ಯುದಂಶ ಹೊತ್ತವು, ಅವುಗಳ ಉಷ್ಣತೆ ಸೊನ್ನೆ. ಆಕಾಶದಲ್ಲಿ ಅಂಥದ್ದು ಒಂದೂ ಕಂಡಿಲ್ಲ. 1996ರ ಲೆಕ್ಕವಂತೂ ಐದು ಆಯಾಮದ ಜಗತ್ತಿನದ್ದು. ಕ್ಷೀರಪಥದ ನಡುವಿನ ಕುಳಿಯ ಚಿಲ್ಲರೆಯನ್ನು ಇಷ್ಟೇ ನಿಖರವಾಗಿ ಇವತ್ತಿಗೂ ಯಾರೂ ಎಣಿಸಿಲ್ಲ. ತಂತು ಸಿದ್ಧಾಂತದ ಉಪನ್ಯಾಸಗಳಲ್ಲಿ ಈ ವಾಕ್ಯವನ್ನು ಸಣ್ಣ ದನಿಯಲ್ಲಿ ಹೇಳಿ ದಾಟಿಬಿಡುವ ಅಭ್ಯಾಸ ಇದೆ. ನನಗೆ ಅದು ಇಷ್ಟವಿಲ್ಲ.

ಆದರೂ ಸೊನ್ನೆ ಉಷ್ಣತೆಯಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಏನಾಗುತ್ತದೆ? ಕುಳಿಯನ್ನು ಚೂರೇ ಚೂರು ಬೆಚ್ಚಗೆ ಮಾಡಿದರೆ ಹಾಕಿಂಗ್ ವಿಕಿರಣ ಶುರುವಾಗಬೇಕು. ಡಿ-ಬ್ರೇನ್ ಭಾಷೆಯಲ್ಲಿ ಅದು ಎರಡು ಕಂಪನಗಳು ಎದುರುಬದುರು ಬಂದು ಡಿಕ್ಕಿಯಾಗಿ ಹೊರಕ್ಕೆ ಸಿಡಿಯುವುದು. 1996ರಲ್ಲೇ ಟಿಐಎಫ್‌ಆರ್‌ನ ಅವಿನಾಶ್ ಧರ್, ಗೌತಮ್ ಮಂಡಲ್, ಸ್ಪೆಂತಾ ವಾಡಿಯಾ ಈ ಹೀರಿಕೆ ಮತ್ತು ಹೊಮ್ಮುವಿಕೆಯನ್ನು ಲೆಕ್ಕ ಹಾಕಿದರು. ಅದೇ ವರ್ಷ ಸುಮಿತ್ ದಾಸ್ ಮತ್ತು ಸಮೀರ್ ಮಾಥುರ್ ಡಿ-ಬ್ರೇನ್ ಬಗೆಯಲ್ಲೂ ಹಾಕಿಂಗ್ ಬಗೆಯಲ್ಲೂ ಲೆಕ್ಕ ಹಾಕಿ, ವಿಕಿರಣ ಹೊಮ್ಮುವ ದರ ಒಂದೇ ಎಂದು ತೋರಿಸಿದರು. ದಾಸ್ ಆಗ ಕೊಲಾಬಾದಲ್ಲೇ ಇದ್ದರು, ಮಾಥುರ್ ಅಲ್ಲಿ ಪಿಎಚ್.ಡಿ. ಮಾಡಿದವರು. ಎಂಟ್ರೊಪಿಗಿಂತ ಈ ತಾಳೆಯೇ ನನಗೆ ಹೆಚ್ಚು ಹಿಡಿಸಿದ್ದು. ಎಣಿಕೆ ಒಂದು ಸಂಖ್ಯೆ, ಅದು ಆಕಸ್ಮಿಕವಾಗಿ ಹೊಂದಿತು ಎಂದು ಹಟ ಹಿಡಿಯಬಹುದು. ದರ ಎಂದರೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವ ಇಡೀ ವಕ್ರರೇಖೆ.

ರಾಮಾನುಜನ್ ಮತ್ತೊಮ್ಮೆ ಬರುತ್ತಾರೆ. ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, 1920ರ ಜನವರಿಯಲ್ಲಿ, ಹಾರ್ಡಿಗೆ ಬರೆದ ಪತ್ರದಲ್ಲಿ ಅವರು ಮಾಕ್ ಥೀಟಾ ಎಂಬ ಹೊಸ ಫಲನಗಳನ್ನು ಪಟ್ಟಿ ಮಾಡಿದ್ದರು. ಅವುಗಳ ನಿಜವಾದ ಲಕ್ಷಣ ಗಣಿತಜ್ಞರಿಗೆ ಬಿಡಿಸಿದ್ದು 2002ರ ನಂತರ. ಕಪ್ಪುಕುಳಿಯ ಲೆಕ್ಕದಲ್ಲಿ ಒಂದು ತೊಡಕಿತ್ತು: ಎಣಿಸಿದ ಮೊತ್ತದಲ್ಲಿ ಒಂಟಿ ಕುಳಿಯ ಸ್ಥಿತಿಗಳ ಜೊತೆ, ಒಂದಕ್ಕೊಂದು ಬಂಧಿಯಾದ ಜೋಡಿ ಕುಳಿಗಳ ಸ್ಥಿತಿಗಳೂ ಸೇರಿಕೊಂಡಿದ್ದವು. ಜೋಡಿಗಳದ್ದನ್ನು ಕಳೆದರೆ ಉಳಿದ ಫಲನದ ಸಮ್ಮಿತಿಯೇ ಕೆಟ್ಟಂತೆ ಕಾಣುತ್ತಿತ್ತು. ದಾಭೋಳ್ಕರ್, ಸಮೀರ್ ಮೂರ್ತಿ, ಡಾನ್ ಝಾಗಿಯರ್ 2012ರಲ್ಲಿ ತೋರಿಸಿದ್ದು, ಆ ಉಳಿಕೆ ರಾಮಾನುಜನ್ ಪತ್ರದ ಜಾತಿಯ ಫಲನವೇ ಎಂದು. ಇಂಥ ಕಡೆ "ನಮ್ಮವರು ಕಪ್ಪುಕುಳಿಯನ್ನು ಆಗಲೇ ಕಂಡಿದ್ದರು" ಎಂದು ಮೆಸೇಜು ಹರಡುವುದು ಸುಲಭ. ರಾಮಾನುಜನ್ ಕಪ್ಪುಕುಳಿ ಕಂಡಿರಲಿಲ್ಲ. ಸಂಖ್ಯೆಗಳನ್ನು ಕಂಡಿದ್ದರು, ಅದೇ ಬೇಕಾದಷ್ಟಾಯಿತು.

ಟಿಐಎಫ್‌ಆರ್ ಹೆಸರು ಇಷ್ಟು ಸಲ ಬಂದದ್ದಕ್ಕೆ ಒಂದು ಮಾತು. ಈ ಸಂಸ್ಥೆ ಹುಟ್ಟಿದ್ದು 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಹೋಮಿ ಭಾಭಾ ಅದನ್ನು ಮುಂಬಯಿಗೆ ತಂದರು, ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಗೆ. ಕೊಲಾಬಾದ ಕಟ್ಟಡ ಉದ್ಘಾಟನೆಯಾದದ್ದು 1962ರಲ್ಲಿ. ಈಗ ಅದರದ್ದೇ ಒಂದು ಕೇಂದ್ರ, ಐಸಿಟಿಎಸ್, ಬೆಂಗಳೂರಿನ ಹೆಸರಘಟ್ಟದ ಕಡೆ ಇದೆ. ವಾಡಿಯಾ ಅದರ ಸ್ಥಾಪಕ ನಿರ್ದೇಶಕರು, ಅಶೋಕ್ ಸೇನ್ ಈಗ ಅಲ್ಲಿದ್ದಾರೆ. ನಮ್ಮಲ್ಲಿ ಹಲವರು ಬೆಂಗಳೂರಿಗೆ ಮರಳುವ ಯೋಚನೆಯಲ್ಲೇ ಆಯುಷ್ಯ ಕಳೆದಿದ್ದೇವೆ, ಸಂಸ್ಥೆ ಮಾಡಿ ತೋರಿಸಿತು.

ಹಾಕಿಂಗ್ ಈ ಊರಿಗೆ ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. 2001ರ ಜನವರಿಯಲ್ಲಿ ಟಿಐಎಫ್‌ಆರ್ ನಡೆಸಿದ ತಂತು ಸಿದ್ಧಾಂತದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬಂದಿದ್ದರು, 59ನೆಯ ಹುಟ್ಟುಹಬ್ಬ ಇಲ್ಲೇ ಆಯಿತು. ಆಗಲೂ ಅವರು ತಮ್ಮ 1976ರ ವಾದವನ್ನು ಬಿಟ್ಟಿರಲಿಲ್ಲ: ಕುಳಿ ವಿಕಿರಣ ಸೂಸುತ್ತ ಆವಿಯಾಗಿ ಹೋದಾಗ ಒಳಗಿದ್ದ ಮಾಹಿತಿಯೂ ಶಾಶ್ವತವಾಗಿ ನಾಶ. ಅಂದರೆ ಶಾಖೆ ಮುಚ್ಚುವಾಗ ದಫ್ತರವನ್ನೂ ಸುಟ್ಟಂತೆ. ಕ್ವಾಂಟಂ ಸಿದ್ಧಾಂತ ಇದನ್ನು ಒಪ್ಪದು. ಹುವಾನ್ ಮಾಲ್ದಸೇನಾ 1997ರಲ್ಲಿ ಮಂಡಿಸಿದ್ದು, ಒಂದು ವಿಶೇಷ ಬಗೆಯ ದೇಶಕಾಲದಲ್ಲಿ ಗುರುತ್ವದ ಇಡೀ ಸಿದ್ಧಾಂತ ಅದರ ಅಂಚಿನಲ್ಲಿರುವ, ಗುರುತ್ವವೇ ಇಲ್ಲದ ಮಾಮೂಲಿ ಕ್ವಾಂಟಂ ಸಿದ್ಧಾಂತಕ್ಕೆ ಸಮ ಎಂದು. ಅಲ್ಲಿ ಮಾಹಿತಿ ನಾಶವಾಗುವ ಪ್ರಶ್ನೆಯಿಲ್ಲ; ಆದ್ದರಿಂದ ಇಲ್ಲಿಯೂ ಇಲ್ಲ. 2004ರಲ್ಲಿ ಡಬ್ಲಿನ್‌ನಲ್ಲಿ ಹಾಕಿಂಗ್ ಸೋಲೊಪ್ಪಿ, ಮಾಹಿತಿ ನಾಶವಾಗುತ್ತದೆ ಎಂದು ಕಟ್ಟಿದ್ದ ಪಣದಂತೆ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್‌ಗೆ ಬೇಸ್‌ಬಾಲ್ ವಿಶ್ವಕೋಶ ಕೊಟ್ಟರು. ಮಾಹಿತಿ ಉಳಿಯುತ್ತದೆ ಸರಿ, ಹೊರಗೆ ಬರುವುದು ಹೇಗೆ? ಇದರ ಮೇಲೆ ಜಗಳ ನಿಂತಿಲ್ಲ. ದಿಗಂತ ಅನ್ನುವುದೇ ಇಲ್ಲ, ಅಲ್ಲಿರುವುದು ತಂತುಗಳ ಮುದ್ದೆ ಅನ್ನುತ್ತಾರೆ ಮಾಥುರ್. ಐಸಿಟಿಎಸ್‌ನ ಸುವ್ರತ್ ರಾಜು ಮತ್ತು ಸಂಗಡಿಗರ ಪ್ರಕಾರ, ಕ್ವಾಂಟಂ ಗುರುತ್ವದಲ್ಲಿ ಮಾಹಿತಿ ಮೊದಲಿನಿಂದಲೂ ಹೊರಗೆ ಸಿಗುತ್ತಲೇ ಇರುತ್ತದೆ, ಒಳಗೆ ಸಿಕ್ಕಿಬಿದ್ದಿತ್ತು ಅನ್ನುವ ಊಹೆಯೇ ತಪ್ಪು. 2019ರಲ್ಲಿ ಹೊರದೇಶದ ಎರಡು ಗುಂಪುಗಳು, ಹೊಮ್ಮಿದ ವಿಕಿರಣದ ಎಂಟ್ರೊಪಿ ಮೊದಲು ಏರಿ ಆಮೇಲೆ ಇಳಿಯುವುದನ್ನು ಲೆಕ್ಕದಲ್ಲಿ ತೋರಿಸಿದವು. ಮಾಹಿತಿ ಉಳಿದರೆ ಹಾಗೆಯೇ ಆಗಬೇಕೆಂದು ಡಾನ್ ಪೇಜ್ 1993ರಲ್ಲಿ ಹೇಳಿದ್ದರು.

ಆಕಾಶದ ಕಡೆಯಿಂದ ಬಂದ ಸುದ್ದಿಯನ್ನೂ ಸೇರಿಸುತ್ತೇನೆ. ಎರಡು ಕುಳಿಗಳು ಸೇರಿ ಒಂದಾದಾಗ ದಿಗಂತದ ಒಟ್ಟು ವಿಸ್ತೀರ್ಣ ಕಡಿಮೆಯಾಗಬಾರದು ಅನ್ನುವುದು ಹಾಕಿಂಗ್ 1971ರಲ್ಲಿ ಸಾಧಿಸಿದ ಪ್ರಮೇಯ. 2025ರ ಜನವರಿ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ, ಅಂಥ ಸೇರುವಿಕೆಯಿಂದ ಎದ್ದ ಗುರುತ್ವದ ಅಲೆ ಅಲ್ಲಿಯವರೆಗಿನ ಎಲ್ಲಕ್ಕಿಂತ ಸ್ಪಷ್ಟ. ಮೊದಲಿನ ಎರಡು ಕುಳಿಗಳ ಒಟ್ಟು ವಿಸ್ತೀರ್ಣ ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಒಂದೂಕಾಲು ಪಟ್ಟು. ಸೇರಿದ ಮೇಲೆ ಸುಮಾರು 4 ಲಕ್ಷ. ಹೀಗೆ ಅಳೆಯಲು ಸಾಧ್ಯವಾದದ್ದು, ಸೇರಿದ ಕುಳಿ ನೆಲೆಗೊಳ್ಳುವ ಮುನ್ನ ತನ್ನದೇ ಸ್ವರದಲ್ಲಿ ಕಂಪಿಸಿ ಕ್ಷೀಣಿಸುವುದರಿಂದ. ಆ ಕಂಪನವನ್ನು 1970ರಲ್ಲೇ ಲೆಕ್ಕ ಹಾಕಿ ಕಂಡವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಅಲ್ಲಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. ಲೈಗೋದ ಭಾರತೀಯ ಘಟಕ ಏಳಲಿರುವುದು ನಮ್ಮ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿದೆ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಹಿರಿಯರು ಕೇಳಿದರು: "ಸರ್, ತಂತುವನ್ನು ನೇರವಾಗಿ ನೋಡುವುದು ಯಾವಾಗ?" ನಮ್ಮ ಜೀವಮಾನದಲ್ಲಿ ನನಗೆ ನಂಬಿಕೆಯಿಲ್ಲ. ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದ ಡಿಕ್ಕಿಗಳ ಶಕ್ತಿ 13.6 ಟೆರಾ ಎಲೆಕ್ಟ್ರಾನ್ ವೋಲ್ಟ್. ಕ್ವಾಂಟಂ ಗುರುತ್ವ ಎದ್ದು ಕಾಣುವ ಶಕ್ತಿ ಅದರ ಸುಮಾರು ಹತ್ತು ಕೋಟಿ ಕೋಟಿ ಪಟ್ಟು. ಅತಿಸಮ್ಮಿತಿಯ ಕಣಗಳು ಆ ಯಂತ್ರದಲ್ಲಿ ಸಿಗಬಹುದೆಂದು ಬಹಳ ಜನ ಆಸೆ ಇಟ್ಟಿದ್ದರು, ಇದುವರೆಗೆ ಒಂದೂ ಸಿಕ್ಕಿಲ್ಲ. ಹಾಗಿದ್ದೂ ನಾನು ಈ ಸಿದ್ಧಾಂತದ ಪರ ಇರುವುದು ಆ ಕಾಲು ಭಾಗದಿಂದಾಗಿ. ತಪ್ಪು ದಾರಿಯಲ್ಲಿ ನಡೆದವರಿಗೆ ಅಷ್ಟು ನಿಖರವಾದ ತಾಳೆ ಇಷ್ಟು ಬೇರೆ ಬೇರೆ ಕುಳಿಗಳಲ್ಲಿ ಸಿಗುವುದು ಕಷ್ಟ. ಇದು ಸಾಕ್ಷ್ಯದ ಒಂದು ಬಗೆ, ಪ್ರಯೋಗಕ್ಕೆ ಬದಲಿ ಖಂಡಿತ ಅಲ್ಲ.

"ಒಳಗೆ ಬಿದ್ದವನಿಗೆ ಏನಾಗುತ್ತದೆ?" ಕುಳಿ ದೊಡ್ಡದಿದ್ದರೆ ದಿಗಂತ ದಾಟುವಾಗ ಏನೂ ತಿಳಿಯದು ಅನ್ನುತ್ತಾನೆ ಐನ್‌ಸ್ಟೈನ್. ಬೆಂಕಿಯ ಗೋಡೆಗೆ ಬಡಿಯಬಹುದು ಎಂದು 2012ರಲ್ಲಿ ಪೋಲ್ಚಿನ್ಸ್ಕಿ ಮತ್ತು ಜೊತೆಗಾರರು ವಾದ ಹೂಡಿದರು. ತೀರ್ಪು ಬಂದಿಲ್ಲ.

ಕೊನೆಯದು ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳದ್ದು, ಹಿಂದಿನ ಸಾಲಿನಿಂದ: "ಸರ್, ನಾನು ಇದನ್ನು ಮಾಡಬೇಕಂದ್ರೆ ಈಗ ಏನು ಓದಬೇಕು?" ನೋಡಮ್ಮ, ಈಗಲೇ ತಂತು ಸಿದ್ಧಾಂತದ ಪುಸ್ತಕ ಹಿಡಿಯಬೇಡ. ಲೀನಿಯರ್ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್, ಆಮೇಲೆ ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. ಪ್ರತಿ ಪಾಠದ ಲೆಕ್ಕಗಳನ್ನು ಕೈಯಾರೆ ಬಿಡಿಸು, ಬಿಡಿಸಿದ್ದನ್ನು ನೋಡಿ ಓದಿದರೆ ಬರುವುದಿಲ್ಲ. ಟಿಐಎಫ್‌ಆರ್‌ಗೆ ಪ್ರವೇಶ ಪರೀಕ್ಷೆ ಇದೆ, ಜೆಸ್ಟ್ ಅಂತ ಇನ್ನೊಂದಿದೆ, ಎರಡರ ಹಳೆಯ ಪ್ರಶ್ನೆಪತ್ರಿಕೆಗಳೂ ಜಾಲದಲ್ಲಿ ಸಿಗುತ್ತವೆ. ಇವತ್ತು ರಾತ್ರಿ ಬೇಕಿದ್ದರೆ 5 ರೂಪಾಯಿಗೆ ಎಷ್ಟು ಬಗೆಯ ಚಿಲ್ಲರೆ ಬರುತ್ತದೆ ಅಂತ ಬರೆದು ನೋಡು. ಏಳು ಬರಬೇಕು.